ಶುಕೂರಾಕ ಓದಿದ ನಾಲ್ಕು ಕಾದಂಬರಿಗಳು

ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಎದುರಿನ ‘ಝಿಯಾದ್ ಮೊಬೈಲ್ಸ್’ ಅಂಗಡಿಗೆ ಹೊಸ ಬೋರ್ಡು ಮಾಡಿಸುವಾಗ ಕೆಳಗಡೆ ಒಂದು ಗೇಣು ಜಾಗ ಖಾಲಿ ಉಳಿಯಿತು. ಮುಂದೆ ನಡೆದ ಅನಾಹುತಕ್ಕೆಲ್ಲ ಆ ಗೇಣೇ ಹೊಣೆ.

ಫ್ಲೆಕ್ಸ್ ಮಾಡುವವನು ಫೋನಿನಲ್ಲಿ ಕೇಳಿದ: “ಶುಕೂರಾಕ, ಮೊಬೈಲ್ ಆಯ್ತು, ರೀಚಾರ್ಜ್ ಆಯ್ತು, ಗ್ಲಾಸ್ ಅಂಟಿಸುವುದು ಆಯ್ತು. ಇನ್ನೊಂದು ಲೈನಿಗೆ ಜಾಗ ಉಂಟು. ಎಂಥ ಹಾಕುವ?”

“ಎಂಥಾದ್ರೂ ಹಾಕು ಮಾರಾಯ. ಖಾಲಿ ಮಾತ್ರ ಬಿಡ್ಬೇಡ. ಅಂಗಡಿ ಒಳಗೂ ಎಂಥದೂ ಇಲ್ಲ ಅಂತ ಜನ ಗ್ರಹಿಸ್ತಾರೆ.”

ಅವನ ಕಂಪ್ಯೂಟರಿನಲ್ಲಿ ಯಾವುದೋ ಲೈಬ್ರರಿಯ ಬ್ಯಾನರಿಗೆ ಟೈಪ್ ಮಾಡಿದ ಒಂದು ಸಾಲು ಬಿದ್ದುಕೊಂಡಿತ್ತು. ಅಳತೆಗೆ ಸರಿ ಕೂತಿತು. ಮಾರನೆಯ ದಿನ ಬೆಳಿಗ್ಗೆ ಬಸ್ಸಿಗೆ ಕಾಯುವವರೆಲ್ಲ ಕತ್ತೆತ್ತಿ ಓದಿದರು: ‘ನಿಮ್ಮ ಅಭಿರುಚಿಗೆ ತಕ್ಕ ಇ-ಪುಸ್ತಕಗಳನ್ನು ಹುಡುಕಿ ಕೊಡಲಾಗುವುದು.’

ಓದದೆ ಇದ್ದವರು ಒಬ್ಬರೇ, ಅಂಗಡಿಯ ಯಜಮಾನ ಅಬ್ದುಲ್ ಶುಕೂರ್, ಊರವರು ಗೌರವದಿಂದ ಕರೆಯುವ ಶುಕೂರಾಕ. ಅವರಿಗೆ ಓದುವ ಅಭ್ಯಾಸವಿರಲಿಲ್ಲ. ಶಾಲೆಯಲ್ಲಿ ಯಾರಾದರೂ ‘ಓದು’ ಎಂದರೆ ಅವರ ಕಾಲು ಅದನ್ನು ‘ಓಡು’ ಎಂದೇ ಅರ್ಥಮಾಡಿಕೊಳ್ಳುತ್ತಿತ್ತು.

ಅಭಿರುಚಿಯ ಬಗ್ಗೆಯೂ ಶುಕೂರಾಕನದ್ದೇ ಒಂದು ಶಾಸ್ತ್ರವಿತ್ತು. ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿ ಕೊಡುತ್ತಿದ್ದ ಕಾಲದಿಂದ ನಡೆದು ಬಂದದ್ದು. ಗಿರಾಕಿಗೆ ಏನು ಇಷ್ಟ ಎಂದು ಅವರು ಯಾವತ್ತೂ ಕೇಳಿದವರಲ್ಲ, ಹೆಸರು ಕೇಳುತ್ತಿದ್ದರು. ಶೆಟ್ಟಿ, ಪೂಜಾರಿ ಎಂದರೆ ತುಳು ನಾಟಕದ ಫೋಲ್ಡರು. ಭಟ್ಟ ಎಂದರೆ ತಾಳಮದ್ದಳೆ. ಬ್ಯಾರಿಗಳಾದರೆ ಮದುವೆ ಹಾಡು. ಲೋಬೊ, ಪಿರೇರ ಎಂದರೆ ಕೊಂಕಣಿ. ಬ್ರಾಸ್ ಬ್ಯಾಂಡೆಂದರೆ ಜೀವ ಬಿಡುತ್ತಿದ್ದ ಪುತ್ತಿಗೆಯ ಪುರೋಹಿತರೊಬ್ಬರು ಈ ಶಾಸ್ತ್ರದ ಪ್ರಕಾರ ಹದಿನಾಲ್ಕು ವರ್ಷ ತಾಳಮದ್ದಳೆ ಕೇಳಿದರು. ದೂರು ಹೇಳಲಿಲ್ಲ. ಹಾಗಾಗಿ ಶಾಸ್ತ್ರ ಸರಿ ಎಂದು ಸಾಬೀತಾಯಿತು.

ಬೋರ್ಡು ಏರಿದ ಮೂರನೆಯ ದಿನ ಒಂದು ಕೊಡೆ ಅಂಗಡಿಯ ಕಡೆಗೆ ನಡೆದು ಬಂತು. ಕೊಡೆಯ ಕೆಳಗೆ, ಹೈಸ್ಕೂಲಿನಲ್ಲಿ ಶುಕೂರಾಕನಿಗೆ ಪಾಠ ಮಾಡಿದ ಅಪೊಲಿನ್ ಟೀಚರ್ ಇದ್ದರು. ಶುಕೂರಾಕನಿಗೆ ಐವತ್ತು ವರ್ಷ, ಟೀಚರಿಗೆ ಎಪ್ಪತ್ತಾರು. ಆದರೂ ಶುಕೂರಾಕನ ಶರೀರ ಯಜಮಾನನ ಅಪ್ಪಣೆ ಕೇಳದೆ ಕುರ್ಚಿಯಿಂದ ಎದ್ದು ನಿಂತಿತು, ಕೈ ತಾನಾಗಿಯೇ ಕಟ್ಟಿಕೊಂಡಿತು.

“ಶುಕೂರ್, ಹೊರಗೆ ಬರೆದದ್ದು ಸತ್ಯವಾ?”

“ಸತ್ಯ ಟೀಚರ್,” ಎಂದರು ಶುಕೂರಾಕ. ಏನು ಬರೆದಿದೆ ಎಂದು ಗೊತ್ತಿಲ್ಲ. ಟೀಚರ್ ಕೇಳಿದ ಪ್ರಶ್ನೆಗೆ ಇಲ್ಲ ಎನ್ನುವ ಧೈರ್ಯ ಒಂಬತ್ತನೆಯ ಕ್ಲಾಸಿನಲ್ಲೂ ಇರಲಿಲ್ಲ.

“ಕಣ್ಣಿನ ಆಪರೇಷನ್ ಆಯ್ತು. ಸಣ್ಣ ಅಕ್ಷರ ಕಾಣುವುದಿಲ್ಲ. ಮಸ್ಕತ್ತಿನಿಂದ ಮಗಳು ಈ ಟ್ಯಾಬ್ ಕಳಿಸಿದ್ದಾಳೆ, ಅಕ್ಷರ ದೊಡ್ಡ ಮಾಡಬಹುದಂತೆ. ನನಗೆ ಕ್ರೈಸ್ತ ಕಾದಂಬರಿ ಬೇಕು. ಒಳ್ಳೆಯದು. ನೀನು ಹುಡುಕಿ ಕೊಡ್ತೀಯಲ್ಲ?” ಎಂದು ಟೀಚರ್ ಅವರನ್ನೇ ನೋಡಿದರು. “ಹತ್ತನೆಯಲ್ಲಿ ಓದಿದ ಪುಸ್ತಕದ ಬಗ್ಗೆ ಒಂದು ಪುಟ ಬರಿ ಅಂದರೆ ನೀನು ಹಿಂದಿನ ರಟ್ಟು ಕಾಪಿ ಮಾಡಿದ್ದೆ. ಪ್ರೆಸ್ಸಿನ ವಿಳಾಸ ಸಮೇತ. ಈ ಹುಡುಗ ಪುಸ್ತಕ ಮುಟ್ಟುವವನಲ್ಲ ಅಂತ ಆವತ್ತು ನಾನು ಬೇಸರ ಮಾಡಿಕೊಂಡಿದ್ದೆ. ಈಗ ನೋಡು. ನನಗೆ ಎಷ್ಟು ಸಂತೋಷ ಆಯ್ತು ಗೊತ್ತುಂಟಾ?”

ಹೊಸ ಮಸೂರದ ಹಿಂದೆ ಟೀಚರ ಕಣ್ಣು ಒದ್ದೆಯಾಗಿತ್ತು. ಅದು ಆಪರೇಷನ್ನಿನ ನೀರೋ ಸಂತೋಷದ್ದೋ ಶುಕೂರಾಕನಿಗೆ ತಿಳಿಯಲಿಲ್ಲ. ಆದರೆ ಆ ಮುಖ ಅವರನ್ನು ಅಂಥ ನೋಟದಿಂದ ಎಂದೂ ನೋಡಿರಲಿಲ್ಲ. ಅದು ಹಾಗೇ ಇರಬೇಕು ಎಂದು ಅವರಿಗೆ ಬಹಳ ಆಸೆಯಾಯಿತು. ಸಮಸ್ಯೆ ಶುರುವಾದದ್ದು ಬೋರ್ಡಿನಿಂದ. ಬಲಿತದ್ದು ಈ ಆಸೆಯಿಂದ.

“ಸಾವಿರ ಓದಿದ್ದೇನೆ ಟೀಚರ್,” ಎಂದು ಬಾಯಿ ಹೇಳಿಬಿಟ್ಟಿತು. “ಕ್ರೈಸ್ತರದ್ದೇ ಹೆಚ್ಚು.”

ಶಾಸ್ತ್ರ ಕೆಲಸಕ್ಕಿಳಿಯಿತು. ಹಾಡಿಗೆ ಹೆಸರು ನೋಡಿದ ಹಾಗೆ ಪುಸ್ತಕಕ್ಕೆ ಮುಖಪುಟ. ಶಿಲುಬೆ ಕಂಡಿತೋ, ಕ್ರೈಸ್ತ ಕಾದಂಬರಿ. ಮಧ್ಯಾಹ್ನದ ನಮಾಜಿನಿಂದ ಸಂಜೆಯ ನಮಾಜಿನ ಒಳಗೆ ತೊಂಬತ್ತಾರು ಪುಸ್ತಕ ಟ್ಯಾಬಿನ ಹೊಟ್ಟೆ ಸೇರಿದವು.

ನಾಲ್ಕನೆಯ ದಿನ ಟೀಚರ ಫೋನು. ಶುಕೂರಾಕ ಎದ್ದು ನಿಂತೇ ಎತ್ತಿದರು.

“ಶುಕೂರ್, ಮೊದಲನೆಯದರಲ್ಲಿ ಒಬ್ಬ ರಕ್ತ ಕುಡೀತಾನೆ.”

“ಆಮೇಲೆ ಪಶ್ಚಾತ್ತಾಪ ಪಡ್ತಾನೆ ಟೀಚರ್.”

“ಎಲ್ಲಿ? ಮುನ್ನೂರು ಪುಟಕ್ಕೆ ಹನ್ನೊಂದು ಜನರದ್ದು ಕುಡಿದ. ಶಿಲುಬೆ ತೋರಿಸಿದರೆ ಓಡ್ತಾನೆ.”

“ಶಿಲುಬೆ ಉಂಟಲ್ಲ ಟೀಚರ್.”

“ಎರಡನೆಯದು ಬಣ್ಣ ಹಚ್ಚುವ ಪುಸ್ತಕ. ಈ ಪ್ರಾಯದಲ್ಲಿ ನಾನು ಕುರಿಗೆ ಬಣ್ಣ ಹಚ್ಚಬೇಕಾ? ಮೂರನೆಯದು ಸಿಮೆಂಟ್ ಕಂಪೆನಿಯದ್ದು, ಸಮಾಧಿ ಕಟ್ಟುವ ಕ್ರಮ. ಅದನ್ನೂ ಪೂರ್ತಿ ಓದಿದೆ, ನೀನು ಕೊಟ್ಟದ್ದಲ್ಲವಾ ಅಂತ.”

ಶುಕೂರಾಕ ಕೈಗೆ ಸಿಕ್ಕಿದ ಫೋನನ್ನೆಲ್ಲ ಒರೆಸತೊಡಗಿದರು. ಹೆದರಿಕೆಯಾದರೆ ಗಾಜು ಒರೆಸುವುದು ಅವರ ಕ್ರಮ.

ಆದರೆ ಒಳ್ಳೆಯ ಟೀಚರುಗಳಲ್ಲಿ ಒಂದು ಅಪಾಯಕಾರಿ ಗುಣವಿರುತ್ತದೆ: ನಂಬಿಕೆ. “ನಿನ್ನ ಅಭಿರುಚಿ ವಿಶಾಲ ಉಂಟು ಶುಕೂರ್,” ಎಂದರು ಅಪೊಲಿನ್ ಟೀಚರ್. “ನನ್ನದು ಅಷ್ಟು ವಿಶಾಲ ಇಲ್ಲ. ನನ್ನದೊಂದು ಪಟ್ಟಿ ಕಳಿಸ್ತೇನೆ. ಈ ಸಲ ಕಡಿಮೆ ಕೊಡು. ನೀನು ಓದಿ ನೋಡಿ, ಕಥೆ ಹೇಗುಂಟು ಅಂತ ನನಗೆ ಹೇಳಬೇಕು.”

ಗೆರೆ ಹಾಕಿದ ಕಾಗದದಲ್ಲಿ, ದುಂಡು ಅಕ್ಷರದಲ್ಲಿ ಪಟ್ಟಿ ಬಂತು.

‘೧. ಉಪದೇಶ ಬೇಡ. ಅದು ಆದಿತ್ಯವಾರ ಸಿಗುತ್ತದೆ. ೨. ಕೊಲೆ ಒಂದಕ್ಕಿಂತ ಹೆಚ್ಚು ಬೇಡ. ೩. ಪ್ರೀತಿ ಇರಲಿ, ದೀಪ ಆರಿಸಿದ ಕೂಡಲೆ ಅಧ್ಯಾಯ ಮುಗಿಯಲಿ. ೪. ಪವಾಡದಿಂದ ಗುಣವಾಗುವವರು ಒಂದು ಪುಸ್ತಕಕ್ಕೆ ಒಬ್ಬರು ಸಾಕು. ೫. ಕೆಟ್ಟವನು ಕೊನೆಯಲ್ಲಿ ಒಳ್ಳೆಯವನಾಗುವುದಾದರೆ ಕಾರಣ ಬೇಕು. ೬. ನಾಯಿ ಸಾಯಬಾರದು.’

ಶುಕೂರಾಕ ಜೀವನದಲ್ಲಿ ಮೊದಲ ಸಲ ನಿಜವಾಗಿ ಹುಡುಕಲು ಕೂತರು. ಕೂತಾಗ ತಿಳಿದದ್ದೇನೆಂದರೆ, ಕ್ರೈಸ್ತ ಕಾದಂಬರಿ ಎಂಬುದು ಒಂದು ಫೋಲ್ಡರ್ ಅಲ್ಲ. ಅದರೊಳಗೆ ಪ್ರೇಮ, ಪತ್ತೇದಾರಿ, ಇತಿಹಾಸ, ಸಂಸಾರ ಎಂದು ಮನೆಮನೆಗೆ ಬೇರೆ ಒಲೆ. ಇ-ಪುಸ್ತಕ ಮಾರುವವರು ಮೊದಲ ಕೆಲವು ಪುಟ ಕಾಸಿಲ್ಲದೆ ಧರ್ಮಕ್ಕೆ ಓದಲು ಬಿಡುತ್ತಾರೆ, ಕೆಳಗೆ ಓದಿದವರ ಅಭಿಪ್ರಾಯವಿರುತ್ತದೆ. ‘ಅತ್ತೆಗೆ ಓದಲು ಕೊಟ್ಟೆ, ಎರಡು ದಿನ ಮನೆಯಲ್ಲಿ ಶಾಂತಿ’ ಎಂದು ಯಾರೋ ಐದು ನಕ್ಷತ್ರ ಕೊಟ್ಟಿದ್ದರು. ನಾಯಿ ಸಾಯುತ್ತದೋ ಇಲ್ಲವೋ ಎಂದು ಮಾತ್ರ ಒಬ್ಬನೂ ಬರೆದಿರಲಿಲ್ಲ. ಅಂತೂ ಕನ್ನಡದಲ್ಲಿರುವ ನಾಲ್ಕು ಕಾದಂಬರಿ ಆರಿಸಿ ಟೀಚರ ಟ್ಯಾಬಿಗೂ ತಮ್ಮ ಫೋನಿಗೂ ಹಾಕಿದರು. ಒಂದು ಬೇಕರಿ ನಡೆಸುವ ವಿಧವೆಯದ್ದು, ಒಂದು ದ್ರಾಕ್ಷಿ ತೋಟದ ಅಣ್ಣತಮ್ಮಂದಿರದ್ದು, ಒಂದು ನರ್ಸಮ್ಮನದ್ದು, ಒಂದು ದೋಣಿ ದಾಟಿಸುವ ಮುದುಕನದ್ದು. ಒಟ್ಟು ಸಾವಿರದ ನೂರು ಪುಟ. ಹೇಗೂ ಟೀಚರ್ ಗಡುವು ಹೇಳಿಲ್ಲವಲ್ಲ, ಬರುವ ರಂಜಾನಿನ ಒಳಗೆ ಮುಗಿಸುವ ಎಂದು ಸಮಾಧಾನ ಮಾಡಿಕೊಂಡರು.

ಆ ಸಮಾಧಾನ ಮಂಗಳವಾರದ ತನಕ ಬದುಕಿತು. ಮಂಗಳವಾರ ಇಗರ್ಜಿಯ ಫಾದರ್ ನಗುತ್ತಾ ಅಂಗಡಿಗೆ ಬಂದರು. ಕೈಯಲ್ಲಿ ಆಮಂತ್ರಣ ಪತ್ರಿಕೆ. ಕೇಳಲಿಕ್ಕೆ ಬಂದದ್ದಲ್ಲ, ಅಚ್ಚು ಹಾಕಿಸಿಯೇ ಬಂದದ್ದು.

“ಟೀಚರ್ ನಿಮ್ಮ ಬಗ್ಗೆ ಬಹಳ ಹೇಳಿದರು. ಆದಿತ್ಯವಾರ ಸಂಜೆ ನಾಲ್ಕಕ್ಕೆ ನಮ್ಮ ಸಭಾಭವನದಲ್ಲಿ ಓದುಗರ ಬಳಗದ ಉದ್ಘಾಟನೆ. ಒಂದು ಅರ್ಧ ಗಂಟೆ ಮಾತಾಡಿ. ಸರಳವಾಗಿ ಸಾಕು.”

ಪತ್ರಿಕೆಯಲ್ಲಿ ಬಂಗಾರದ ಬಣ್ಣದಲ್ಲಿತ್ತು: ‘ವಿಷಯ: ನಿಮ್ಮ ಅಭಿರುಚಿಗೆ ತಕ್ಕ ಕ್ರೈಸ್ತ ಕಾದಂಬರಿಯ ಇ-ಪುಸ್ತಕ ಹುಡುಕುವುದು ಹೇಗೆ? ಸಂಪನ್ಮೂಲ ವ್ಯಕ್ತಿ: ಜನಾಬ್ ಅಬ್ದುಲ್ ಶುಕೂರ್, ಕ್ರೈಸ್ತ ಕಾದಂಬರಿ ತಜ್ಞರು.’

ಸಂಪನ್ಮೂಲ ವ್ಯಕ್ತಿಯ ಸಂಪತ್ತೂ ಹೋಯಿತು, ಮೂಲವೂ ಅಲ್ಲಾಡಿತು. ಫಾದರ್ ಹೋದ ಮೇಲೆ ಶುಕೂರಾಕ ಷೋಕೇಸಿನ ಗಾಜು ಎಷ್ಟು ಒರೆಸಿದರೆಂದರೆ, ಒಬ್ಬ ಗಿರಾಕಿ ಗಾಜೇ ಇಲ್ಲವೆಂದು ಕೈ ಹಾಕಿ ಬೆರಳು ಉಳುಕಿಸಿಕೊಂಡ.

ಪತ್ರಿಕೆಯ ಫೋಟೊ ಬಸ್ಸು ಹತ್ತಿತು. ಬಂಟ್ವಾಳ ತಲುಪುವಾಗ ಶುಕೂರಾಕ ಕಾದಂಬರಿ ಓದುವವರು. ಮಾಣಿಯಲ್ಲಿ ಕಾದಂಬರಿ ಬರೆಯುವವರು. ಬೆಳ್ತಂಗಡಿಗೆ ಹೋಗಿ ಮುಟ್ಟುವಾಗ ಅವರಿಗೆ ಪ್ರಶಸ್ತಿಯೂ ಬಂದಾಗಿತ್ತು. ಅಲ್ಲಿಂದ ಹೆಂಡತಿಯ ತಮ್ಮ ಇಬ್ರಾಹಿಂ ಫೋನು ಮಾಡಿದ.

“ಭಾವ, ನಿಮ್ಮ ಕಾದಂಬರಿಯಲ್ಲಿ ನಾನು ಇದ್ದೇನಾ?”

“ನಾನು ಬರೆದದ್ದಲ್ಲ ಇಬ್ರಾಹಿಂ.”

“ಅಡಗಿಸುವುದು ಬೇಡ ಭಾವ. ಆ ಪಿಕಪ್ ವಿಷಯ ಮಾತ್ರ ಹಾಕ್ಬೇಡಿ. ಮಕ್ಕಳು ದೊಡ್ಡದಾಗಿದ್ದಾರೆ.”

ಬುಧವಾರ ಸಂಜೆಯ ಅಸರ್ ನಮಾಜು ಮುಗಿಸಿ ಮಸೀದಿಯಿಂದ ಹೊರಗೆ ಬರುವಾಗ ಜಮಾತ್ ಕಮಿಟಿಯ ಕಾರ್ಯದರ್ಶಿ ಅಬ್ದುಲ್ ನಾಸಿರ್ ಚಪ್ಪಲಿಯ ಹತ್ತಿರ ಕಾಯುತ್ತಿದ್ದರು. ಸರ್ವೆ ಇಲಾಖೆಯಿಂದ ನಿವೃತ್ತರು. ಮನುಷ್ಯರನ್ನೂ ಮೂಲೆಯಿಂದ ಮೂಲೆಗೆ ಅಳೆಯುವ ಕಣ್ಣು. ಶುಕೂರಾಕ ಜೇಬಿನ ಫೋನು ತೆಗೆದು ಗಾಜು ಒರೆಸತೊಡಗಿದರು.

“ಏನು ಇದು ಶುಕೂರ್?” ಪತ್ರಿಕೆ ಎತ್ತಿ ಹಿಡಿದರು. “ನಾನು ಒಂದು ವಿಷಯ ನೇರ ಕೇಳ್ತೇನೆ.”

“ಕೇಳಿ ನಾಸಿರಾಕ.”

“ಕ್ರೈಸ್ತರದ್ದು ಆಗಲಿ, ಯಾರದ್ದೇ ಆಗಲಿ, ಅದಕ್ಕೆ ನನ್ನದು ಎಂಥದೂ ಇಲ್ಲ. ನೀನು ಪುಸ್ತಕ ಓದ್ತೀಯಾ? ಕಳೆದ ವರ್ಷ ಕಮಿಟಿಯ ನಿರ್ಣಯ ನಾಲ್ಕು ಸಾಲು ಇತ್ತು, ಓದದೆ ಸೈನ್ ಹಾಕಿದಿ. ಎಲ್ಲಿ ಅಂತ ಗೊತ್ತುಂಟಾ? ಅಧ್ಯಕ್ಷರ ಜಾಗದಲ್ಲಿ!”

ಇಷ್ಟಾದ ಮೇಲೆ ಶುಕೂರಾಕನಿಗೆ ತಡೆಯಲಾಗಲಿಲ್ಲ. ಅಲ್ಲೇ, ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ಎಲ್ಲ ಹೇಳಿಬಿಟ್ಟರು. “ನಾಳೆಯೇ ಹೋಗಿ ಓದಿಲ್ಲ ಅಂತ ಹೇಳು,” ಎಂದರು ನಾಸಿರಾಕ.

“ಟೀಚರ ಮುಖ ನೀವು ನೋಡ್ಲಿಲ್ಲ ನಾಸಿರಾಕ. ಮೂವತ್ತೈದು ವರ್ಷದಲ್ಲಿ ಒಂದೇ ಸಲ ನನಗೆ ಆ ಮುಖ ಸಿಕ್ಕಿದ್ದು.”

ನಾಸಿರಾಕ ಮೂಗು ಉಜ್ಜಿಕೊಂಡರು. “ಅದರಲ್ಲಿ ಜಾಗದ ವಿಷಯ ಉಂಟಾ?”

“ದ್ರಾಕ್ಷಿ ತೋಟ ಉಂಟು. ಅಣ್ಣತಮ್ಮ ಪಾಲಿಗೆ ಜಗಳ ಮಾಡ್ತಾರೆ.”

“ಅದನ್ನು ನನ್ನ ಫೋನಿಗೆ ಹಾಕು.”

ದಾರಿ ಸಿಕ್ಕಿತು! ಬೇಕರಿಯ ವಿಧವೆಯನ್ನು ಶುಕೂರಾಕ ಎದುರಿನ ಹೋಟೆಲಿನ ಶೀನಪ್ಪ ಶೆಟ್ಟರಿಗೆ ಒಪ್ಪಿಸಿದರು. ನರ್ಸಮ್ಮನನ್ನು ಹೆಂಡತಿ ನಫೀಸಮ್ಮನಿಗೆ. ದೋಣಿಯ ಮುದುಕ ಮಾತ್ರ ಉಳಿದ. ಅವನನ್ನು ತೆಗೆದುಕೊಳ್ಳುವವರು ಸಿಗದೆ, ಶುಕೂರಾಕ ಮಧ್ಯಾಹ್ನದ ಬಿಡುವಿನಲ್ಲಿ ಶಟರು ಅರ್ಧ ಎಳೆದು, ಬೆರಳಿಟ್ಟು ಸಾಲುಸಾಲಾಗಿ ತಾವೇ ಶುರು ಮಾಡಿದರು.

ಶನಿವಾರ ವರದಿಗಳು ಬಂದವು. ಮೊದಲು ಶೀನಪ್ಪ ಶೆಟ್ಟರು, ಹೆಗಲ ಬೈರಾಸಿನಲ್ಲಿ ಕೈ ಒರೆಸುತ್ತಾ.

“ಬರೆದವನು ಹೋಟೆಲಿನ ಕೆಲಸ ಗೊತ್ತಿದ್ದವನು ಶುಕೂರ್! ಅವಳು ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹಿಟ್ಟು ಕಲಸ್ತಾಳೆ. ಬೆಣ್ಣೆ ಹಾಕಿದ ಬನ್ನು, ಒಣದ್ರಾಕ್ಷಿ ಹಾಕಿದ ಕೇಕು, ಮತ್ತೆ ಕುಂಬಳಕಾಯಿದ್ದು ಒಂದು ಎಂಥದೋ. ಅದರ ಪಾಕ ಸರಿ ಕೊಡ್ಲಿಲ್ಲ, ಮೋಸ.”

“ಕಥೆ ಎಂಥದು ಶೀನಣ್ಣ?”

“ಅದೇ ಕಥೆ. ಮತ್ತೆ ಯಾರೋ ಸತ್ತ.”

“ಯಾರು? ನಾಯಿಯಾ?”

“ಗೊತ್ತಿಲ್ಲ ಮಾರಾಯ. ಆಗ ಅವಳು ಸೂಪು ಮಾಡ್ತಾ ಇದ್ದಳು, ನನ್ನ ಲಕ್ಷ್ಯ ಸೂಪಿನಲ್ಲಿ.”

ನಾಸಿರಾಕ ಒಂದು ನಕ್ಷೆ ಬಿಡಿಸಿಕೊಂಡು ಬಂದಿದ್ದರು. “ಅಣ್ಣನದ್ದು ತಪ್ಪು. ಬಾವಿ ತಮ್ಮನ ಪಾಲಿಗೆ ಬರಬೇಕು. ಕೊನೆಗೆ ಇಬ್ಬರೂ ಬೇಲಿ ಕಿತ್ತು ತಬ್ಬಿಕೊಳ್ತಾರೆ. ಪಾಲು ಅಳೆದು ಪೋಡಿಯೇ ಆಗಿಲ್ಲ, ತಬ್ಬಿ ಎಂಥ ಪ್ರಯೋಜನ? ನಾಳೆ ಮಕ್ಕಳು ಕೋರ್ಟಿಗೆ ಹೋಗ್ತಾರೆ ನೋಡು.”

ನಫೀಸಮ್ಮ ನೀರುದೋಸೆ ಎತ್ತುತ್ತಾ ತಮ್ಮದು ಹೇಳಿದರು. “ಆ ನರ್ಸ್ ಹುಡುಗಿಗೆ ಎರಡು ಸಂಬಂಧ ಬಂದದ್ದು. ಒಬ್ಬ ಡಾಕ್ಟರ್, ಒಬ್ಬ ಪಾದ್ರಿ. ಅವರಲ್ಲಿ ಪಾದ್ರಿಗೆ ಮದುವೆ ಆಗಬಹುದಂತೆ. ಡಾಕ್ಟರ್ ಅಂದ ಉಂಟು, ಆದರೆ ತಾಯಿ ಹತ್ತಿರ ಸ್ವರ ಏರಿಸ್ತಾನೆ. ನಾನಾದರೆ ಆ ಮನೆಗೆ ಹೆಣ್ಣು ಕೊಡ್ಲಿಕ್ಕಿಲ್ಲ.”

“ಅವಳು ಯಾರನ್ನು ಆಗ್ತಾಳೆ?”

“ಅಲ್ಲಿಗೆ ನಾನು ಬರ್ಲಿಲ್ಲ. ಇನ್ನೂ ವಿಚಾರಿಸ್ತಾ ಇದ್ದೇನೆ.”

ಶುಕೂರಾಕ ಎಲ್ಲವನ್ನೂ ರೀಚಾರ್ಜ್ ಪುಸ್ತಕದ ಹಾಳೆಗಳಲ್ಲಿ ಬರೆದುಕೊಂಡರು. ಹಾಳೆಗೆ ನಂಬರು ಹಾಕಲಿಲ್ಲ. ಆತಂಕದಲ್ಲಿರುವವರು ನಂಬರು ಹಾಕುವುದಿಲ್ಲ.

ಆದಿತ್ಯವಾರ ಸಭಾಭವನ ತುಂಬಿತ್ತು. ಮೊದಲ ಸಾಲಿನಲ್ಲಿ ಅಪೊಲಿನ್ ಟೀಚರ್, ಅಪ್ಪಟ ಸಂತೋಷದಲ್ಲಿ, ಇಸ್ತ್ರಿ ಹಾಕಿದ ಸೀರೆಯಲ್ಲಿ. ಹೆಂಗಸರ ಕಡೆ ನಫೀಸಮ್ಮ. ಹಿಂದೆ ಶೀನಪ್ಪ ಶೆಟ್ಟರು, ಕಟ್ಲೆಟ್ ಉಂಟು ಎಂದು ಕೇಳಿ ಬಂದವರು. ಅವರ ಪಕ್ಕದಲ್ಲಿ ನಾಸಿರಾಕ, ನಕ್ಷೆ ಸಮೇತ. ಫಾದರ್ ಪರಿಚಯ ಮಾಡಿಕೊಟ್ಟರು. ‘ಸಾವಿರ ಕಾದಂಬರಿ’ ಎಂದಾಗ ಚಪ್ಪಾಳೆ ಬಿತ್ತು. ಶುಕೂರಾಕ ಎದ್ದು, ಮೈಕು ಒರೆಸಿ, ಮುಂದಿನ ಮೇಜು ಒರೆಸಿ, ನೀರಿನ ಗ್ಲಾಸು ಒರೆಸಿ, ಇನ್ನು ಒರೆಸಲು ಏನೂ ಉಳಿಯದೆ ಮಾತಿಗೆ ಇಳಿದರು.

ಮೊದಲ ಐದು ನಿಮಿಷ ಚೆನ್ನಾಗಿಯೇ ಹೋಯಿತು. ಮುಖಪುಟ ನೋಡಿ ಮೋಸ ಹೋಗಬಾರದು ಎಂದರು. ಮೊದಲ ಪುಟಗಳನ್ನು ಓದಿ ನೋಡಿ ಎಂದರು. ಯಾವುದು ಬೇಡ ಎಂದು ಮೊದಲೇ ಬರೆದಿಟ್ಟುಕೊಳ್ಳಿ ಎಂದರು. ಟೀಚರ್ ತಲೆದೂಗಿದರು. ಆ ತಲೆದೂಗು ಕಂಡು ಶುಕೂರಾಕನಿಗೆ ಎಲ್ಲಿಲ್ಲದ ಉಮೇದು ಬಂತು.

“ಈಗ ನಾನು ಓದಿದ ಒಂದು ಕಾದಂಬರಿಯ ಕಥೆ ಹೇಳ್ತೇನೆ,” ಎಂದು ಹಾಳೆ ಬಿಡಿಸಿದರು. “ಒಬ್ಬಳು ವಿಧವೆ. ಬೇಕರಿ ನಡೆಸ್ತಾಳೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹಿಟ್ಟು ಕಲಸ್ತಾಳೆ.” ಫ್ಯಾನಿನ ಗಾಳಿಗೆ ಹಾಳೆ ಒಂದು ಹಾರಿತು. ಹೆಕ್ಕಿದರು. “ಅವಳ ದ್ರಾಕ್ಷಿ ತೋಟದ ಮಧ್ಯ ಒಂದು ಬಾವಿ—”

“ಏಯ್ ಶುಕೂರ್!” ಹಿಂದಿನಿಂದ ನಾಸಿರಾಕ ಎದ್ದರು. “ತೋಟ ಅವಳದ್ದಲ್ಲ! ಅದು ನನ್ನ ಪುಸ್ತಕ!”

“ಅವಳ ಹತ್ತಿರ ದ್ರಾಕ್ಷಿ ಇದ್ದದ್ದು ಕೇಕಿನಲ್ಲಿ ಮಾತ್ರ,” ಎಂದರು ಶೀನಪ್ಪ ಶೆಟ್ಟರು. “ನಾನು ಸರಿಯಾಗಿ ಓದಿದ್ದೇನೆ.”

ಶುಕೂರಾಕನ ಕಣ್ಣಿಗೆ ಅಕ್ಷರಗಳು ಇರುವೆಗಳಂತೆ ಹರಿದವು. ನಿಲ್ಲಿಸಿದರೆ ಬೀಳುತ್ತೇನೆ ಎಂಬ ಭಯದಿಂದ ಮುಂದೆ ಓಡಿದರು. “ಆ ಬಾವಿಕಟ್ಟೆಯಲ್ಲಿ ಪಾದ್ರಿಯೂ ಡಾಕ್ಟರೂ ತಬ್ಬಿಕೊಳ್ತಾರೆ—”

“ಯಾ ಅಲ್ಲಾ!” ಹೆಂಗಸರ ಸಾಲಿನಲ್ಲಿ ನಫೀಸಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. “ಹಾಗೆಲ್ಲ ಇಲ್ಲ! ನನ್ನ ಪಾದ್ರಿ ಬಹಳ ಮರ್ಯಾದೆಯ ಜನ!”

ಫಾದರ್ ಕೆಮ್ಮಿದರು. ಸಭೆ ಮೊದಲು ಮುಗುಳ್ನಕ್ಕಿತು, ಮತ್ತೆ ಕುರ್ಚಿ ಅಲುಗುವಂತೆ ನಕ್ಕಿತು. ನಗದೆ ಇದ್ದವರು ಇಬ್ಬರು. ಒಬ್ಬರು ವೇದಿಕೆಯ ಮೇಲೆ, ಒಬ್ಬರು ಮೊದಲ ಸಾಲಿನಲ್ಲಿ. ಮೊದಲ ಸಾಲಿನವರು ಕೋಲು ಊರಿ ಎದ್ದು ನಿಂತಾಗ ನಗೆ ಸ್ವಿಚ್ಚು ಒತ್ತಿದ ಹಾಗೆ ನಿಂತಿತು. ಅಲ್ಲಿದ್ದ ಅರ್ಧ ಜನರಿಗೆ ಅವರು ಪಾಠ ಮಾಡಿದವರು.

“ಶುಕೂರ್. ನಾಲ್ಕರಲ್ಲಿ ನೀನು ಓದಿದ್ದು ಎಷ್ಟು?”

ಆ ಮುಖ ಹೋಗಿತ್ತು. ಬೋರ್ಡಿನ ಕೆಳಗೆ ಒದ್ದೆ ಕಣ್ಣಿನಿಂದ ನೋಡಿದ ಆ ಮುಖ ಹೋಗಿ, ಅದರ ಜಾಗದಲ್ಲಿ ಹತ್ತನೆಯ ಕ್ಲಾಸಿನ ಮುಖ ಬಂದು ಕೂತಿತ್ತು. ಶುಕೂರಾಕ ಹಾಳೆಗಳನ್ನು ಮೇಜಿನ ಮೇಲೆ ಇಟ್ಟರು.

“ಒಂದೂ ಇಲ್ಲ ಟೀಚರ್. ಸಾವಿರವೂ ಇಲ್ಲ. ಆ ದೋಣಿಯ ಮುದುಕನದ್ದು ಮಾತ್ರ… ನಲವತ್ತೊಂದು ಪುಟ.”

“ಅಲ್ಲಿಗೆ ಯಾಕೆ ನಿಲ್ಲಿಸಿದೆ? ಗಿರಾಕಿ ಬಂದರಾ?”

“ಇಲ್ಲ. ಹೆದರಿಕೆ ಆಯ್ತು.”

“ಎಂಥ ಹೆದರಿಕೆ?”

“ಅವನು ಕುಡಿದು ಮಗಳ ಸಂಸಾರ ಹಾಳು ಮಾಡಿದವನು ಟೀಚರ್. ಈಗ ಪ್ರಾಯ ಆಗಿದೆ. ಹೊಳೆ ದಾಟಿ ಅವಳ ಮನೆಗೆ ಹೋಗಿ ಬಾಗಿಲು ತಟ್ಟಿದ್ದಾನೆ. ಒಳಗೆ ದೀಪ ಉಂಟು. ಅವಳು ತೆಗೆಯದಿದ್ದರೆ ಅಂತ…” ಶುಕೂರಾಕ ಮೈಕಿನ ಕಂಬ ಒರೆಸಿದರು. “ಎರಡು ದಿನ ಆಯ್ತು. ಪುಟ ತಿರುಗಿಸ್ಲಿಕ್ಕೆ ಧೈರ್ಯ ಬರುವುದಿಲ್ಲ.”

ಟೀಚರ್ ಬ್ಯಾಗಿನಿಂದ ಟ್ಯಾಬ್ ತೆಗೆದು, ಎರಡು ಬೆರಳಿನಿಂದ ಅಕ್ಷರ ದೊಡ್ಡದು ಮಾಡಿ, ವೇದಿಕೆಯ ಕಡೆಗೆ ಚಾಚಿದರು.

“ನಲವತ್ತೆರಡನೆಯ ಪುಟ. ಗಟ್ಟಿಯಾಗಿ ಓದು. ಹಿಂದಿನವರಿಗೂ ಕೇಳಬೇಕು.”

ಶುಕೂರಾಕ ಓದಿದರು. ಮೊದಲು ಶಾಲೆಯ ಹಾಗೆ, ಅಲ್ಪವಿರಾಮ ನುಂಗಿ, ಪೂರ್ಣವಿರಾಮಕ್ಕೆ ಎಡವಿ, ಒತ್ತಕ್ಷರ ಬಂದಲ್ಲಿ ಉಸಿರು ಕಟ್ಟಿ. ಮುದುಕ ಎರಡನೆಯ ಸಲ ತಟ್ಟಿದ. ಒಳಗೆ ಕುರ್ಚಿ ಸರಿದ ಸದ್ದು. ಮುದುಕ ಕರೆಯಲು ಹೋಗಿ, ಮಗಳನ್ನು ಏನೆಂದು ಕರೆಯುತ್ತಿದ್ದೆ ಎಂಬುದೇ ಮರೆತು ನಿಂತ. ಶುಕೂರಾಕನ ಎಡವುವುದು ಕಡಿಮೆಯಾಯಿತು. ಕಟ್ಲೆಟ್ಟಿನ ತಟ್ಟೆಯೊಂದಿಗೆ ಬಂದ ಹೆಂಗಸು ಬಾಗಿಲಲ್ಲೇ ನಿಂತರು. ಶೀನಪ್ಪ ಶೆಟ್ಟರು ತಟ್ಟೆಯ ಕಡೆ ತಿರುಗಿ ಸಹ ನೋಡಲಿಲ್ಲ. ಒಳಗಿನ ಹೆಜ್ಜೆಗಳು ಬಾಗಿಲಿನ ತನಕ ಬಂದವು, ಅಲ್ಲಿ ನಿಂತವು.

“ಸಾಕು,” ಎಂದರು ಅಪೊಲಿನ್ ಟೀಚರ್. “ಚೆನ್ನಾಗಿ ಓದಿದೆ. ಕೂತುಕೊ.”

ಶುಕೂರಾಕ ಕೂರಲಿಲ್ಲ. ಟ್ಯಾಬಿನಿಂದ ತಲೆಯನ್ನೂ ಎತ್ತಲಿಲ್ಲ. ಎಡಗೈಯನ್ನು ಮಾತ್ರ ಟೀಚರ ಕಡೆಗೆ ಎತ್ತಿ, ಅಂಗಡಿಯಲ್ಲಿ ಗಿರಾಕಿಗೆ ಹೇಳುವ ಹಾಗೆ ಹೇಳಿದರು:

“ಸ್ವಲ್ಪ ಸುಮ್ಮನಿರಿ ಟೀಚರ್. ಅವಳು ಚಿಲಕಕ್ಕೆ ಕೈ ಹಾಕಿದ್ದಾಳೆ.”

ಅಪೊಲಿನ್ ಟೀಚರ್ ಸುಮ್ಮನೆ ಕೂತರು.